ಒಂದೇ ದೇಹ, ಎರಡು ಅರ್ಜಿ



ಕಳೆದ ಅಮಾವಾಸ್ಯೆಯಂದು ಶ್ರೀಮಠದ ಉಚಿತ ಚಿಕಿತ್ಸಾ ಶಿಬಿರದಲ್ಲಿ ಸುಮಾರು 70 ವರ್ಷದ ತಾಯಿಯೊಬ್ಬರು ನನ್ನೆದುರು ಬಂದು ಕುಳಿತರು. ತಮ್ಮ ನಾಡಿ ತೋರಿಸುವುದಕ್ಕೆ ಬಂದವರಲ್ಲ. "ಮೊಮ್ಮಗನ ಕಿವ್ಯಾಗ ಹಗಲೂ ರಾತ್ರಿ ಗುಂಯ್ ಅಂತೈತಂತ್ರೀ. ಅಮೇರಿಕಾಕ್ಕ ಹೋಗೋರು ಅದಾರ, ಒಂದ್ ಎಣ್ಣಿ ಕೊಡ್ರಿ, ಕಳಸತೀನಿ" ಎಂದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಮಗಳು ಮದುವೆಯಾಗಿ ಹೋಗಿ ಅಲ್ಲಿಯೇ ನೆಲೆಸಿದ್ದಾರೆ. ಮೊಮ್ಮಗ ಅಲ್ಲಿಯೇ ಹುಟ್ಟಿ ಬೆಳೆದವನು. ಅಮೆರಿಕದ ವಾಯುಪಡೆಯಲ್ಲಿ ಸರಕು ಸಾಗಿಸುವ ದೊಡ್ಡ ವಿಮಾನವನ್ನು ನಡೆಸುವ ಪೈಲಟ್. ಕರಾರಿನ ಅವಧಿ ಮುಗಿಯುತ್ತ ಬಂದಿದೆ. ಇನ್ನು ಮುಂದೆ ಪ್ರಯಾಣಿಕರ ವಿಮಾನ ಸಂಸ್ಥೆಯೊಂದನ್ನು ಸೇರಬೇಕೆಂಬುದು ಅವನ ಅಪೇಕ್ಷೆ. "ಅಲ್ಲಿಯ ವೈದ್ಯರಿಗೆ ಹೇಳಿದ್ದಾನೆಯೇ ತಾಯಿ?" ಎಂದು ಕೇಳಿದೆ. "ಹೇಳಿದ್ರ ವಿಮಾನದ ನೌಕರಿ ಹೋಗತೈತಿ ಅಂತಾನ್ರೀ. ಹೇಳದಿದ್ರ ಸರ್ಕಾರದಿಂದ ಬರೋ ರೊಕ್ಕ ಹೋಗತೈತಂತ. ಏನ್ ಮಾಡಬೇಕು, ನೀವ ಹೇಳ್ರಿ" ಎಂದರು.

ಅಂದು ನಾನು ಎಣ್ಣೆ ಕೊಡಲಿಲ್ಲ. ಅಂದು ರಾತ್ರಿ ಆ ಯುವಕನೊಡನೆ ಫೋನಿನಲ್ಲಿ ಮಾತನಾಡಿದೆ. ಮೊದಲು ಕಿವಿಯ ವಿಷಯ ಹೇಳಿದ, ಆಮೇಲೆ ಸೊಂಟದ ನೋವಿನ ವಿಷಯ. ಅರ್ಧ ಗಂಟೆ ಕಳೆದ ಮೇಲೆ, ವಿದೇಶದ ಕರ್ತವ್ಯದಿಂದ ಮರಳಿದಂದಿನಿಂದ ರಾತ್ರಿ ನಿದ್ರೆ ಬರುತ್ತಿಲ್ಲವೆಂದೂ, ಬಂದರೂ ಬೆಚ್ಚಿ ಎಚ್ಚರವಾಗುವುದೆಂದೂ ತಗ್ಗಿದ ದನಿಯಲ್ಲಿ ಹೇಳಿದ. ಈ ಮೂರನೆಯದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನ ಮತ್ತು ಅವನ ಅಜ್ಜಿಯ ಒಪ್ಪಿಗೆ ಪಡೆದು, ಗುರುತು ಬಿಟ್ಟು, ಈ ಲೇಖನ ಬರೆಯುತ್ತಿದ್ದೇನೆ. ನಮ್ಮ ಭಕ್ತ ಕುಟುಂಬಗಳ ಎಷ್ಟೋ ಮಕ್ಕಳು ಇಂದು ಆ ದೇಶದಲ್ಲಿದ್ದಾರೆ. ಅಲ್ಲದೆ, ವಿಮಾನವೇರುವ ನಾವೆಲ್ಲರೂ ಪೈಲಟ್‌ನ ಆರೋಗ್ಯದ ಮೇಲೆ ನಮ್ಮ ಪ್ರಾಣವನ್ನಿಟ್ಟೇ ಕುಳಿತಿರುತ್ತೇವೆ.

ಅಂಗವೈಕಲ್ಯ ಎಂದರೇನು?

ನಮ್ಮಲ್ಲಿ ಅಂಗವೈಕಲ್ಯ ಎಂಬ ಪದವನ್ನು ಕೇಳಿದೊಡನೆ ಕೈಯನ್ನೋ ಕಾಲನ್ನೋ ಕಳೆದುಕೊಂಡವರ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಮೆರಿಕದ ನಿವೃತ್ತ ಯೋಧರ ವಿಷಯದಲ್ಲಿ ಈ ಪದದ ಅರ್ಥ ಬಹಳ ವಿಶಾಲವಾದುದು. ಅಲ್ಲಿ ನಿವೃತ್ತ ಯೋಧರ ವ್ಯವಹಾರಗಳಿಗೆಂದೇ ಒಂದು ಇಲಾಖೆಯಿದೆ. ಅದನ್ನು ಸಂಕ್ಷೇಪವಾಗಿ ವಿ.ಎ. ಎಂದು ಕರೆಯುತ್ತಾರೆ. ಸೇನಾ ಸೇವೆಯ ಕಾರಣದಿಂದ ಉಂಟಾದ ಅಥವಾ ಉಲ್ಬಣಿಸಿದ ಯಾವುದೇ ದೇಹಬಾಧೆ, ಮನೋಬಾಧೆಗೆ ಈ ಇಲಾಖೆ ಪರಿಹಾರ ಕೊಡುತ್ತದೆ. ಹೀಗೆ ಪರಿಹಾರ ಪಡೆಯುವ ಬಾಧೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವುದು ಆ ಅಜ್ಜಿ ಹೇಳಿದ ಕಿವಿಯ ಗುಂಯ್‌ಗುಡುವಿಕೆಯೇ. ಆಯುರ್ವೇದದಲ್ಲಿ ಇದನ್ನು ಕರ್ಣನಾದ ಎನ್ನುತ್ತೇವೆ.

ಪ್ರತಿಯೊಂದು ಬಾಧೆಯನ್ನೂ ಸೊನ್ನೆಯಿಂದ 100ರವರೆಗೆ ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ಕರ್ಣನಾದ ಒಂದು ಕಿವಿಯಲ್ಲಿರಲಿ, ಎರಡರಲ್ಲಿರಲಿ, ಅದಕ್ಕೆ ಶೇ. 10. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗಕ್ಕೆ ಉಸಿರಾಟದ ಯಂತ್ರ ಬೇಕಾಗಿದ್ದರೆ, ಇದುವರೆಗೆ ನಡೆದುಬಂದಿರುವ ಪಟ್ಟಿಯಂತೆ, ಶೇ. 50. ಯುದ್ಧದ ಆಘಾತದಿಂದ ಉಳಿಯುವ ಮನೋವ್ಯಾಧಿಗೆ ಅದರ ತೀವ್ರತೆಯಂತೆ ಶೇ. 10ರಿಂದ ಶೇ. 100ರವರೆಗೆ. ಅನೇಕ ಬಾಧೆಗಳಿದ್ದರೆ ಅವುಗಳನ್ನು ನೇರವಾಗಿ ಕೂಡುವುದಿಲ್ಲ. ಮೊದಲನೆಯದು ಶೇ. 50 ಎನ್ನೋಣ. ಆಗ ಉಳಿದ ಆರೋಗ್ಯ 50. ಎರಡನೆಯದು ಶೇ. 30 ಆದರೆ ಆ ಉಳಿದ 50ರಲ್ಲಿ 30ರಷ್ಟು, ಎಂದರೆ 15. ಒಟ್ಟು 65. ಅದನ್ನು ಹತ್ತರ ಲೆಕ್ಕಕ್ಕೆ ತಂದು 70 ಎಂದು ನಿಗದಿಪಡಿಸುತ್ತಾರೆ. 2024ರಲ್ಲಿ ಶೇ. 10ಕ್ಕೆ ತಿಂಗಳಿಗೆ ಸುಮಾರು 171 ಡಾಲರ್ ದೊರೆಯುತ್ತಿತ್ತು. ಅವಲಂಬಿತರಿಲ್ಲದ ಒಬ್ಬ ವ್ಯಕ್ತಿಗೆ ಶೇ. 100ಕ್ಕೆ ಸುಮಾರು 3,737 ಡಾಲರ್. ಈ ಹಣಕ್ಕೆ ಆದಾಯ ತೆರಿಗೆಯಿಲ್ಲ.

ಈ ಶೇಕಡಾ ಲೆಕ್ಕವು ಪರಿಹಾರದ ಅಳತೆಯೇ ಹೊರತು ಕೆಲಸ ಮಾಡಬಾರದೆಂಬ ಆಜ್ಞೆಯಲ್ಲ. ಶೇ. 40ರಷ್ಟು ಪರಿಹಾರ ಪಡೆಯುವವರು ದಿನವಿಡೀ ದುಡಿಯುತ್ತಿರಬಹುದು. ಸೊಂಟ, ಮೊಣಕಾಲು, ಕುತ್ತಿಗೆ, ಕಿವಿ ಇವೆಲ್ಲ ಸೇರಿ ಅಷ್ಟಾಗಿರುತ್ತದೆ. ಆದ್ದರಿಂದ ಅಂಗವೈಕಲ್ಯ ಪಡೆದವನು ವಿಮಾನ ನಡೆಸುವುದೆಂದರೆ ಮೋಸವೇ ಇರಬೇಕೆಂದು ಯಾರೂ ಅವಸರದಲ್ಲಿ ತೀರ್ಮಾನಿಸಬಾರದು.

ವಿಮಾನ ನಡೆಸಲು ಬೇಕಾದ ಪ್ರಮಾಣಪತ್ರ

ಅಮೆರಿಕದಲ್ಲಿ ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವುದು ಇನ್ನೊಂದು ಸಂಸ್ಥೆ. ಅದು ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಸಂಕ್ಷೇಪವಾಗಿ ಎಫ್.ಎ.ಎ. ಸೇನಾ ಪೈಲಟ್‌ನ ಅನುಭವಕ್ಕೆ ಈ ಸಂಸ್ಥೆ ಬೆಲೆ ಕೊಡುತ್ತದೆ. ವಿಮಾನ ಸಂಸ್ಥೆಯ ಪೈಲಟ್ ಆಗಲು ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. ಸೇನೆಯಲ್ಲಿ ತರಬೇತಾದವರು 750 ಗಂಟೆಗಳ ಮೇಲೆ ನಿರ್ಬಂಧಿತ ಪರವಾನಗಿಯಿಂದ ಸಹಪೈಲಟ್ ಆಗಿ ಸೇರಬಹುದು. ಆದರೆ ಆರೋಗ್ಯದ ವಿಷಯದಲ್ಲಿ ಸೇನೆಯ ಪ್ರಮಾಣಪತ್ರ ಇಲ್ಲಿ ಸಾಲದು. ನಾಗರಿಕ ವೈದ್ಯಕೀಯ ಪ್ರಮಾಣಪತ್ರವನ್ನು ಹೊಸದಾಗಿಯೇ ಪಡೆಯಬೇಕು. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಕೇಳುವುದು ಪ್ರಥಮ ದರ್ಜೆಯ ಪ್ರಮಾಣಪತ್ರ. 40 ವರ್ಷದೊಳಗಿನವರಿಗೆ ಇದರ ಅವಧಿ 12 ತಿಂಗಳು. 40 ದಾಟಿದವರಿಗೆ 6 ತಿಂಗಳು. 65 ವರ್ಷಕ್ಕೆ ನಿವೃತ್ತಿಯಾಗುವವರೆಗೂ ಈ ಪರೀಕ್ಷೆ ತಪ್ಪುವುದಿಲ್ಲ.

ಪರೀಕ್ಷೆ ಮಾಡುವವರು ಎಫ್.ಎ.ಎ. ನೇಮಿಸಿದ ವಿಮಾನವೈದ್ಯ ಪರೀಕ್ಷಕರು. ಪರೀಕ್ಷೆಗೆ ಮೊದಲು ಪೈಲಟ್ ಒಂದು ಅರ್ಜಿ ತುಂಬಬೇಕು. ಸೇವಿಸುತ್ತಿರುವ ಔಷಧಗಳಾವುವು, ಜೀವನದಲ್ಲಿ ಎಂದಾದರೂ ಇಂತಿಂಥ ರೋಗಗಳು ಬಂದಿದ್ದವೇ, ಕಳೆದ 3 ವರ್ಷಗಳಲ್ಲಿ ಯಾವ ಯಾವ ವೈದ್ಯರನ್ನು ಕಂಡಿರಿ ಎಂಬ ಪ್ರಶ್ನೆಗಳು ಅದರಲ್ಲಿವೆ. 2008ರ ಸುಮಾರಿಗೆ ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿತು: ವೈದ್ಯಕೀಯ ಅಂಗವೈಕಲ್ಯದ ಪರಿಹಾರ ಪಡೆದಿದ್ದೀರಾ? ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಉದ್ದೇಶಪೂರ್ವಕವಾಗಿ ಸುಳ್ಳು ಬರೆದರೆ ವೈದ್ಯಕೀಯ ಪ್ರಮಾಣಪತ್ರದ ಜೊತೆಗೆ ಪೈಲಟ್ ಪರವಾನಗಿಗಳೆಲ್ಲವೂ ರದ್ದಾಗಬಹುದು. ಅದು ಅಲ್ಲಿಯ ಕೇಂದ್ರ ಕಾನೂನಿನಡಿ ಅಪರಾಧವೂ ಹೌದು. 5 ವರ್ಷಗಳವರೆಗೆ ಸೆರೆವಾಸ ಮತ್ತು 2,50,000 ಡಾಲರ್‌ವರೆಗೆ ದಂಡವಿದೆ ಎಂಬ ಎಚ್ಚರಿಕೆ ಆ ಅರ್ಜಿಯಲ್ಲಿಯೇ ಇದೆ.

ಎರಡು ಕಚೇರಿಗಳ ನಡುವೆ ನಿಂತವನು

ಈಗ ಆ ಯುವಕನ ಇಕ್ಕಟ್ಟನ್ನು ನೋಡಿರಿ. ಸೇನೆಯಿಂದ ಹೊರಬರುವ 180 ದಿನಗಳಿಂದ 90 ದಿನಗಳ ಮುಂಚಿನ ಅವಧಿಯಲ್ಲಿಯೇ ಪರಿಹಾರಕ್ಕೆ ಅರ್ಜಿ ಹಾಕುವ ವ್ಯವಸ್ಥೆ ಅಲ್ಲಿದೆ. ಬಿಡುಗಡೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಬಿಡುಗಡೆಯ ಮರುದಿನದಿಂದಲೇ ಹಕ್ಕು ದೊರೆಯುತ್ತದೆ. ಅದಕ್ಕಿಂತ ತಡವಾದರೆ ಸಾಮಾನ್ಯವಾಗಿ ಅರ್ಜಿಯ ದಿನದಿಂದ ಮಾತ್ರ. ವಿಮಾನ ಸಂಸ್ಥೆಗೆ ಅರ್ಜಿ ಹಾಕಿ ಪ್ರಥಮ ದರ್ಜೆಯ ಪರೀಕ್ಷೆಗೆ ಹೋಗುವುದೂ ಇದೇ ತಿಂಗಳುಗಳಲ್ಲಿ. ಒಂದು ಕಚೇರಿಯ ವೈದ್ಯರು, ನಿನಗೇನೇನು ನೋವಿದೆ, ಒಂದನ್ನೂ ಬಿಡದೆ ಹೇಳು ಎನ್ನುತ್ತಾರೆ. ಇನ್ನೊಂದು ಕಚೇರಿಯಲ್ಲಿ, ನೋವೇನೂ ಇಲ್ಲವೆಂದರೆ ಕೆಲಸ ಬೇಗ ಮುಗಿಯುತ್ತದೆ. ಮೊದಲನೆಯ ಕಡೆ ಹೆಚ್ಚು ಹೇಳಿದರೆ ಹಣ, ಎರಡನೆಯ ಕಡೆ ಕಡಿಮೆ ಹೇಳಿದರೆ ಹುದ್ದೆ. ಒಳ್ಳೆಯವನೂ ಇಲ್ಲಿ ಎಡವಿದರೆ ಆಶ್ಚರ್ಯವಿಲ್ಲ.

ಇದಕ್ಕೆ ಹಳೆಯ ಅಭ್ಯಾಸವೊಂದೂ ಸೇರುತ್ತದೆ. ಸೇನಾ ಪೈಲಟ್‌ಗಳು ತರಬೇತಿಯ ದಿನಗಳಿಂದಲೇ ವೈದ್ಯರಿಂದ ದೂರವಿರಲು ಕಲಿಯುತ್ತಾರೆ. ವೈದ್ಯರ ಕೋಣೆಯಿಂದ ಹೊರಬರುವಾಗ ಇದ್ದುದನ್ನು ಉಳಿಸಿಕೊಂಡು ಬರಬಹುದು ಅಥವಾ ಕಳೆದುಕೊಂಡು ಬರಬಹುದು, ಗಳಿಸಿಕೊಂಡು ಬರುವುದಂತೂ ಇಲ್ಲ ಎಂಬ ಭಾವನೆ ಅವರಲ್ಲಿ ಬೇರೂರಿರುತ್ತದೆ. ನಮ್ಮ ಯುವಕನೂ ಹತ್ತು ವರ್ಷ ಕಿವಿಯ ಶಬ್ದವನ್ನು ಯಾರಿಗೂ ಹೇಳಿರಲಿಲ್ಲ.

ದಾಖಲೆಗಳು ಹೋಲಿಕೆಯಾದಾಗ

ಎರಡು ಕಚೇರಿಗಳು ಬೇರೆ ಬೇರೆ, ಒಂದರ ಕಾಗದ ಇನ್ನೊಂದಕ್ಕೆ ತಿಳಿಯದು ಎಂಬ ನಂಬಿಕೆ ಅನೇಕರಿಗಿತ್ತು. ಆ ನಂಬಿಕೆ ಇಂದು ಉಳಿದಿಲ್ಲ. 2000ದ ದಶಕದ ಆರಂಭದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 45,000 ಪೈಲಟ್‌ಗಳ ಹೆಸರನ್ನು ಸಾಮಾಜಿಕ ಭದ್ರತಾ ಇಲಾಖೆಯ ಅಂಗವೈಕಲ್ಯ ಪಟ್ಟಿಯೊಡನೆ ತನಿಖಾಧಿಕಾರಿಗಳು ಹೋಲಿಸಿ ನೋಡಿದರು. ಸುಳ್ಳು ಬರೆದಿದ್ದ ಹಲವರ ಮೇಲೆ ಮೊಕದ್ದಮೆ ನಡೆಯಿತು. ತನ್ನ ಖಾಸಗಿತನಕ್ಕೆ ಭಂಗ ಬಂದಿತೆಂದು ಅವರಲ್ಲಿ ಒಬ್ಬರು ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ಖಾಸಗಿತನದ ಕಾಯ್ದೆಯಡಿ ಕೇವಲ ಮನೋವೇದನೆಗಾಗಿ ಸರ್ಕಾರದಿಂದ ಪರಿಹಾರ ದೊರೆಯದೆಂದು 2012ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಮುಂದೆ ವಿ.ಎ. ಇಲಾಖೆಯ ದಾಖಲೆಗಳಿಗೂ ಎಫ್.ಎ.ಎ. ದಾಖಲೆಗಳಿಗೂ ಹೋಲಿಕೆ ನಡೆಯಿತು. ಒಂದೆಡೆ ಪರಿಹಾರ ಪಡೆಯುತ್ತ ಇನ್ನೊಂದೆಡೆ ಅದನ್ನು ತಿಳಿಸಿಲ್ಲವೆಂಬ ಸಂಶಯದ ಮೇಲೆ ಸುಮಾರು 4,800 ಪೈಲಟ್‌ಗಳ ವಿಚಾರಣೆ ನಡೆಯುತ್ತಿದೆ ಎಂದು 2023ರ ಆಗಸ್ಟ್‌ನಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಅವರಲ್ಲಿ ಸುಮಾರು 600 ಮಂದಿ ಪ್ರಯಾಣಿಕ ವಿಮಾನ ಸಂಸ್ಥೆಗಳಿಗೆ ಹಾರಾಟ ನಡೆಸುವ ಪರವಾನಗಿಯುಳ್ಳವರು. ಆ ವೇಳೆಗೆ ಅರ್ಧದಷ್ಟು ಪ್ರಕರಣಗಳು ಮುಗಿದಿದ್ದವು. ಸುರಕ್ಷತೆಗೆ ಅಪಾಯವಿರಬಹುದೆಂದು ಸುಮಾರು 60 ಮಂದಿಗೆ ಹಾರಾಟವನ್ನು ಕೂಡಲೇ ನಿಲ್ಲಿಸುವಂತೆ ಆದೇಶವಾಗಿತ್ತು. ಉಳಿದವರಲ್ಲಿ ಬಹುತೇಕರು ದಾಖಲೆ ಸರಿಪಡಿಸುತ್ತಲೇ ಹಾರಾಟ ಮುಂದುವರಿಸಲು ಅವಕಾಶವಾಯಿತು.

ಈ ಅಂಕಿಗಳನ್ನು ಗಮನವಿಟ್ಟು ಓದಬೇಕು. 4,800ರಲ್ಲಿ 60 ಎಂದರೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಎಂದರೆ ಬಹುತೇಕರ ಬಾಧೆಯು ಹಾರಾಟವನ್ನು ಆ ಕೂಡಲೇ ನಿಲ್ಲಿಸಬೇಕಾದಷ್ಟು ಗಂಭೀರವಾಗಿರಲಿಲ್ಲ. ಮೊದಲೇ ಹೇಳಿದ್ದರೆ ಅವರಲ್ಲಿ ಎಷ್ಟೋ ಮಂದಿಗೆ ವಿಚಾರಣೆಯ ಭಯವೇ ಇರುತ್ತಿರಲಿಲ್ಲ.

ಯಾವ ಬಾಧೆಗೆ ಏನು ನಿಯಮ?

ಎಫ್.ಎ.ಎ. ನೋಡುವುದು ಪರಿಹಾರದ ಶೇಕಡಾವಾರನ್ನಲ್ಲ, ಅದರ ಹಿಂದಿರುವ ಬಾಧೆಯನ್ನು. ಆ ಬಾಧೆಯು ಆಕಾಶದಲ್ಲಿ ಪೈಲಟ್‌ನನ್ನು ಹಠಾತ್ತನೆ ಅಸಮರ್ಥನನ್ನಾಗಿಸಬಲ್ಲುದೇ, ಅದಕ್ಕೆ ಸೇವಿಸುವ ಔಷಧ ಬುದ್ಧಿಯನ್ನು ಮಂದಗೊಳಿಸುವುದೇ ಎಂಬುದೇ ಮುಖ್ಯ ಪ್ರಶ್ನೆ.

ಕರ್ಣನಾದವನ್ನು ತೆಗೆದುಕೊಳ್ಳೋಣ. ವರ್ಷಗಟ್ಟಲೆ ಎಂಜಿನ್ನಿನ ಭೋರ್ಗರೆತಕ್ಕೆ ಒಳಕಿವಿಯ ಸೂಕ್ಷ್ಮ ಕೇಶಕೋಶಗಳು ನಶಿಸುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಕೇಳಿಸಬೇಕಾದ ಶಬ್ದ ಬಾರದೆ ಹೋದಾಗ ಮಿದುಳು ತಾನೇ ಒಂದು ನಾದವನ್ನು ಕಲ್ಪಿಸಿಕೊಳ್ಳುತ್ತದೆ. ಆದರೆ ಪೈಲಟ್‌ಗೆ ಬೇಕಾದ ಶ್ರವಣಶಕ್ತಿಯ ಒಂದು ಪರೀಕ್ಷೆ ಬಹಳ ಸರಳ: ಪರೀಕ್ಷಕರಿಗೆ ಬೆನ್ನು ತಿರುಗಿಸಿ 6 ಅಡಿ ದೂರದಲ್ಲಿ ನಿಂತು, ಸಾಮಾನ್ಯ ದನಿಯ ಮಾತನ್ನು ಎರಡೂ ಕಿವಿಗಳಿಂದ ಕೇಳಿ ಅರಿಯಬೇಕು. ಇದರಲ್ಲಿ ತೇರ್ಗಡೆಯಾದರೆ ಬರಿಯ ಕರ್ಣನಾದದಿಂದ ಹುದ್ದೆ ತಪ್ಪುವುದಿಲ್ಲ. ತಲೆಸುತ್ತು ಜೊತೆಗಿದ್ದರೆ ಮಾತ್ರ ವಿಷಯ ಬೇರೆ.

ಸೊಂಟನೋವು, ಮೊಣಕಾಲು ನೋವುಗಳಲ್ಲಿ ವಿಮಾನದ ನಿಯಂತ್ರಣಗಳನ್ನು ಪೂರ್ಣವಾಗಿ ಚಲಾಯಿಸಲು ಸಾಧ್ಯವೇ ಎಂಬುದನ್ನು ನೋಡುತ್ತಾರೆ. ನೋವಿಗಿಂತ ನೋವಿನ ಮಾತ್ರೆಯೇ ಇಲ್ಲಿ ಹೆಚ್ಚು ಅಡ್ಡಿ. ಅಫೀಮಿನ ವರ್ಗದ ನೋವುನಿವಾರಕಗಳಿಗೆ ಅವಕಾಶವಿಲ್ಲ. ಅರ್ಧತಲೆನೋವು ಸೌಮ್ಯವಾಗಿದ್ದು, ಪ್ರಜ್ಞೆ, ದೃಷ್ಟಿ, ಮಾತುಗಳನ್ನು ಕೆಡಿಸದಿದ್ದರೆ ಪರೀಕ್ಷಕರೇ ಪ್ರಮಾಣಪತ್ರ ಕೊಡಬಹುದಾದ ದಾರಿಯಿದೆ.

ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಗಂಭೀರವಾದುದು. ರಾತ್ರಿ ನೂರಾರು ಸಲ ಉಸಿರು ತಡೆಯುವುದರಿಂದ ಗಾಢನಿದ್ರೆ ಒದಗದೆ ಹಗಲಿನಲ್ಲಿ ತೂಕಡಿಕೆ ಬರುತ್ತದೆ. ಆದರೂ ಇದು ಶಾಶ್ವತ ನಿಷೇಧವಲ್ಲ. ಉಸಿರಾಟದ ಯಂತ್ರವನ್ನು ನೂರಕ್ಕೆ 75 ರಾತ್ರಿಗಳಾದರೂ, ಸರಾಸರಿ 6 ಗಂಟೆಗಳಷ್ಟು ಬಳಸಿರುವುದನ್ನು ಯಂತ್ರದ ದಾಖಲೆಯಿಂದಲೇ ತೋರಿಸಿದರೆ ವಿಶೇಷ ಅನುಮತಿ ದೊರೆಯುತ್ತದೆ.

ಇವುಗಳಿಗೆ ಹೊರತಾಗಿ ಅಪಸ್ಮಾರ, ಹೃದಯಾಘಾತ, ಉನ್ಮಾದ, ಮಾದಕ ವ್ಯಸನ ಮೊದಲಾದ 15 ಸ್ಥಿತಿಗಳನ್ನು ನಿಯಮದಲ್ಲಿಯೇ ಅನರ್ಹತೆಯೆಂದು ಹೆಸರಿಸಲಾಗಿದೆ. ಅವುಗಳಲ್ಲಿಯೂ ಚಿಕಿತ್ಸೆಯ ನಂತರ ಕೆಲವರಿಗೆ ವಿಶೇಷ ಅನುಮತಿ ದೊರೆತಿರುವುದುಂಟು.

ಮನಸ್ಸಿನ ಗಾಯ

ಎಲ್ಲಕ್ಕಿಂತ ಕಷ್ಟವಾದುದು ಮೂರನೆಯ ವಿಷಯ. ಯುದ್ಧಭೂಮಿಯಿಂದ ಬಂದವನಿಗೆ ನಿದ್ರೆಯಲ್ಲಿ ಕಾಡುವ ದೃಶ್ಯಗಳು, ಸಣ್ಣ ಸದ್ದಿಗೂ ಬೆಚ್ಚುವುದು, ಮನೆಯವರೊಡನೆಯೂ ಮಾತು ಬೇಡವೆನಿಸುವುದು, ಇವು ದೌರ್ಬಲ್ಯವಲ್ಲ. ಅಪಾಯ ಕಳೆದ ಮೇಲೂ ದೇಹವು ಅಪಾಯದ ಎಚ್ಚರದಲ್ಲಿಯೇ ಉಳಿದಿರುವ ಸ್ಥಿತಿ ಅದು. ಇದಕ್ಕೆ ಚಿಕಿತ್ಸೆಯಿದೆ.

ಇಲ್ಲಿಯೇ ಎರಡು ಅರ್ಜಿಗಳ ವಿರೋಧ ಅತ್ಯಂತ ತೀವ್ರವಾಗುವುದು. ವಿ.ಎ. ಪಟ್ಟಿಯಲ್ಲಿ ಮನೋವ್ಯಾಧಿಗೆ ಶೇ. 70 ಎಂದರೆ ಕೆಲಸ, ಸಂಸಾರ, ವಿವೇಚನೆ, ಮನಃಸ್ಥಿತಿ ಹೀಗೆ ಬಹುತೇಕ ಕ್ಷೇತ್ರಗಳಲ್ಲಿ ಕೊರತೆಯಿದೆ ಎಂದರ್ಥ. ಶೇ. 100 ಎಂದರೆ ದುಡಿಮೆಗೂ ಸಮಾಜಜೀವನಕ್ಕೂ ಪೂರ್ಣ ಅಸಾಮರ್ಥ್ಯ. ಅಂಥ ವಿವರಣೆಗೆ ಸಹಿ ಹಾಕಿದವನು ಅದೇ ತಿಂಗಳು ಇನ್ನೊಂದು ಕಾಗದದಲ್ಲಿ ನನಗೆ ಯಾವ ಮನೋಬಾಧೆಯೂ ಇಲ್ಲವೆಂದು ಬರೆದರೆ ಎರಡರಲ್ಲೊಂದು ಸುಳ್ಳಾಗಲೇಬೇಕು. ಮೊದಲನೆಯದು ಸುಳ್ಳಾದರೆ ನಿಜವಾಗಿ ಗಾಯಗೊಂಡ ಯೋಧರ ಪಾಲಿನ ಹಣಕ್ಕೆ ಮಾಡಿದ ಮೋಸ. ಎರಡನೆಯದು ಸುಳ್ಳಾದರೆ ಹಿಂದೆ ಕುಳಿತ ನೂರಾರು ಪ್ರಯಾಣಿಕರಿಗೆ ಮಾಡಿದ ಮೋಸ.

ಮುಚ್ಚಿಟ್ಟ ಮನೋರೋಗದಿಂದ ಏನಾಗಬಹುದೆಂಬುದನ್ನು ಜಗತ್ತು 2015ರ ಮಾರ್ಚ್ 24ರಂದು ಕಂಡಿತು. ಜರ್ಮನಿಯ ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್ ಫ್ರಾನ್ಸಿನ ಆಲ್ಪ್ಸ್ ಪರ್ವತಕ್ಕೆ ವಿಮಾನವನ್ನು ಅಪ್ಪಳಿಸಿದ. 150 ಮಂದಿ ಮೃತರಾದರು. ಕೆಲಸಕ್ಕೆ ಯೋಗ್ಯನಲ್ಲವೆಂದು ವೈದ್ಯರು ಕೊಟ್ಟಿದ್ದ ಪತ್ರವನ್ನು ಅವನು ಸಂಸ್ಥೆಗೆ ತೋರಿಸಿರಲಿಲ್ಲ. ಅವನು ಸೇನೆಯಿಂದ ಬಂದವನಲ್ಲ. ಖಿನ್ನತೆಯುಳ್ಳವರೆಲ್ಲರೂ ಅಪಾಯಕಾರಿಗಳೆಂದು ಭಾವಿಸುವುದೂ ಅನ್ಯಾಯ. ಅಪಾಯವಿರುವುದು ರೋಗವನ್ನು ಮುಚ್ಚಿಡುವುದರಲ್ಲಿ.

ಮುಚ್ಚಿಡುವವರನ್ನು ದೂಷಿಸಿದರೆ ಸಾಲದು, ವ್ಯವಸ್ಥೆಯೂ ಬದಲಾಗಬೇಕು ಎಂಬ ಅರಿವು ಆ ದೇಶದಲ್ಲಿ ಮೂಡಿದೆ. 2010ರವರೆಗೆ ಖಿನ್ನತೆಗೆ ಮಾತ್ರೆ ಸೇವಿಸುವ ಪೈಲಟ್‌ಗೆ ಹಾರಾಟವೇ ಇರಲಿಲ್ಲ. ಆ ವರ್ಷದಿಂದ ಅಂಥ ನಾಲ್ಕು ಔಷಧಗಳಿಗೆ, ರೋಗ ಸ್ಥಿರವಾಗಿದ್ದಲ್ಲಿ, ವಿಶೇಷ ಅನುಮತಿ ಕೊಡತೊಡಗಿದರು. ಆಮೇಲೆ ಈ ಪಟ್ಟಿ ಇನ್ನೂ ಬೆಳೆದಿದೆ. 2023ರ ಕೊನೆಯಲ್ಲಿ ರಚಿತವಾದ ತಜ್ಞರ ಸಮಿತಿಯೊಂದು 2024ರ ಏಪ್ರಿಲ್‌ನಲ್ಲಿ 24 ಶಿಫಾರಸುಗಳನ್ನು ಕೊಟ್ಟಿತು. ಪೈಲಟ್‌ಗಳು ಹೆದರದೆ ಮನೋಚಿಕಿತ್ಸೆ ಪಡೆಯುವಂತಾಗಬೇಕೆಂಬುದು ಅವುಗಳ ತಿರುಳು. ಆದರೂ ವಿಶೇಷ ಅನುಮತಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟು ಕಾಲ ಹಾರಾಟವಿಲ್ಲ, ವೆಚ್ಚವೂ ಉಂಟು. ಈ ಕಷ್ಟ ನಿಜವಾದುದು. ಅದನ್ನು ಆ ಯುವಕನಿಗೆ ನಾನು ಮರೆಮಾಚಲಿಲ್ಲ.

ರೋಗಿಯ ನಾಲ್ಕು ಗುಣಗಳು

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ, ರೋಗಿ. ನಾಲ್ಕಕ್ಕೂ ನಾಲ್ಕು ನಾಲ್ಕು ಗುಣಗಳಿರಬೇಕು. ರೋಗಿಗಿರಬೇಕಾದ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ತನಗೆ ಆದದ್ದನ್ನು ನೆನಪಿಟ್ಟುಕೊಳ್ಳುವುದು ಸ್ಮೃತಿ. ವೈದ್ಯರು ಹೇಳಿದಂತೆ ನಡೆಯುವುದು ನಿರ್ದೇಶಕಾರಿತ್ವ. ಹೆದರದಿರುವುದು ಅಭೀರುತ್ವ. ತನ್ನ ಬಾಧೆಯನ್ನು ಇದ್ದಂತೆ ತಿಳಿಯಹೇಳುವುದು ಜ್ಞಾಪಕತ್ವ.

ಪರೀಕ್ಷೆಯಲ್ಲಿಯೂ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ವಿಧಗಳಿವೆ. ಕಣ್ಣಿಗೆ ಕಾಣುವುದನ್ನು ವೈದ್ಯ ನೋಡಬಲ್ಲ. ಕೈಗೆ ಸಿಗುವುದನ್ನು ಮುಟ್ಟಿ ತಿಳಿಯಬಲ್ಲ. ಆದರೆ ಕಿವಿಯ ನಾದ, ಸೊಂಟದ ನೋವು, ರಾತ್ರಿಯ ಭಯ ಈ ಮೂರೂ ಕಣ್ಣಿಗೂ ಕೈಗೂ ಸಿಗುವಂಥವಲ್ಲ. ಕೇಳಿಯೇ ತಿಳಿಯಬೇಕು, ಹೇಳಿದರೆ ಮಾತ್ರ ತಿಳಿಯುತ್ತದೆ. ಎಫ್.ಎ.ಎ. ಅರ್ಜಿಯೆಂಬುದು ಬೇರೇನಲ್ಲ, ಅದೊಂದು ಪ್ರಶ್ನಪರೀಕ್ಷೆ. ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದೇ ಕಾರಣಕ್ಕೆ.

ಇದು ದೂರದೇಶದ ಮಾತು ಮಾತ್ರವಲ್ಲ. ನಮ್ಮಲ್ಲಿಯೂ ವಾಯುಪಡೆಯಿಂದ ನಿವೃತ್ತರಾದ ಪೈಲಟ್‌ಗಳು ನಾಗರಿಕ ವಿಮಾನ ನಡೆಸಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಪ್ರಥಮ ವರ್ಗದ ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು. ಇಂಥ ಪರೀಕ್ಷೆಗಳಿಗೆ ಹೆಸರಾದ, ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ 1957ರಿಂದ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಕುಟುಂಬದವರು ತಿಳಿದಿರಬೇಕಾದುದು

ಆ ಯುವಕನಿಗೂ ಅವನ ಮನೆಯವರಿಗೂ ನಾನು ಹೇಳಿದ್ದನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತೇನೆ.

1. ಪರಿಹಾರ ಕೇಳುವುದು ತಪ್ಪಲ್ಲ. ದೇಶಸೇವೆಯಲ್ಲಿ ಕೆಟ್ಟ ಕಿವಿಗೂ ಸೊಂಟಕ್ಕೂ ದೊರೆಯಬೇಕಾದುದು ಅದು. ಇದ್ದಷ್ಟನ್ನು ಹೇಳಬೇಕು, ಇಲ್ಲದ್ದನ್ನು ಸೇರಿಸಬಾರದು.

2. ಎರಡೂ ಅರ್ಜಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ನೋಡಬೇಕು. ಒಂದರಲ್ಲಿರುವ ಬಾಧೆ ಇನ್ನೊಂದರಲ್ಲಿಯೂ ಇರಬೇಕು. ವಿ.ಎ. ನೀಡಿದ ನಿರ್ಣಯಪತ್ರದ ಪ್ರತಿಯನ್ನು, ಪ್ರತಿ ಬಾಧೆಯ ಶೇಕಡಾವಾರು ಸಹಿತ, ವಿಮಾನವೈದ್ಯ ಪರೀಕ್ಷಕರಿಗೆ ಒಯ್ಯಬೇಕು.

3. ಪರೀಕ್ಷೆ ಆರಂಭವಾದ ಮೇಲೆ ಪರೀಕ್ಷಕರಿಗೆ ಇರುವುದು ಮೂರೇ ದಾರಿ: ಪ್ರಮಾಣಪತ್ರ ಕೊಡುವುದು, ಮೇಲಿನ ಕಚೇರಿಯ ತೀರ್ಮಾನಕ್ಕೆ ಬಿಡುವುದು, ನಿರಾಕರಿಸುವುದು. ಆದ್ದರಿಂದ ಅದಕ್ಕೆ ಮೊದಲೇ, ಪರೀಕ್ಷೆಯಾಗಿ ಅಲ್ಲ, ಕೇವಲ ಸಲಹೆಗಾಗಿ ಒಬ್ಬ ಅನುಭವಿ ಪರೀಕ್ಷಕರನ್ನು ಕಾಣಬೇಕು. ಯಾವ ವರದಿಗಳು ಬೇಕೆಂದು ತಿಳಿದು, ಅವುಗಳನ್ನು ಜೋಡಿಸಿಕೊಂಡ ಮೇಲೆ ಪರೀಕ್ಷೆಗೆ ಹೋಗಬೇಕು.

4. ಹಿಂದೆಯೇ ತಪ್ಪು ಬರೆದಿದ್ದರೆ ಅದರ ಮೇಲೆ ಇನ್ನೊಂದು ತಪ್ಪು ಬರೆಯಬಾರದು. ಮುಂದಿನ ಅರ್ಜಿಗೆ ಸಹಿ ಹಾಕುವ ಮುನ್ನ ವಿಮಾನಯಾನದ ಕಾನೂನು ಬಲ್ಲ ವಕೀಲರನ್ನು ಕಾಣಬೇಕು.

5. ನಿದ್ರೆ ಕೆಟ್ಟಿದ್ದರೆ, ಬದುಕು ಬೇಡವೆನಿಸಿದರೆ, ಉದ್ಯೋಗದ ಲೆಕ್ಕವನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ಹುದ್ದೆ ತಡವಾಗಿ ಬಂದರೂ ಬರುತ್ತದೆ.

6. ಇಲ್ಲಿಂದ ಔಷಧ ಕಳುಹಿಸುವ ತಾಯಂದಿರಿಗೆ ಒಂದು ಮಾತು. ಪೈಲಟ್ ತಾನು ಸೇವಿಸುವ ಎಲ್ಲ ಔಷಧವನ್ನೂ ಅರ್ಜಿಯಲ್ಲಿ ಬರೆಯಬೇಕು. ಹೆಸರಿಲ್ಲದ ಪೊಟ್ಟಣದ ಚೂರ್ಣವನ್ನು ಅವನು ಏನೆಂದು ಬರೆದಾನು? ಭಸ್ಮಗಳುಳ್ಳ ರಸೌಷಧಗಳನ್ನು ವೈದ್ಯರ ನೇರ ನಿಗಾ ಇಲ್ಲದೆ ಕಳುಹಿಸಬಾರದು. ವಿಜಯಾ, ಎಂದರೆ ಭಂಗಿ, ಸೇರಿದ ಯೋಗಗಳನ್ನಂತೂ ಕಳುಹಿಸಲೇಬಾರದು. ವಿಮಾನ ಸಂಸ್ಥೆಗಳಲ್ಲಿ ಮಾದಕ ಪದಾರ್ಥದ ಮೂತ್ರಪರೀಕ್ಷೆ ಯಾವ ದಿನವಾದರೂ ನಡೆಯಬಹುದು. ಅಂಗಡಿಯಲ್ಲಿ ಸಿಗುವ ನೆಗಡಿಯ ಮಾತ್ರೆಯೂ ಅಲ್ಲಿ ಸಣ್ಣ ವಿಷಯವಲ್ಲ. ನಿದ್ರೆ ತರಿಸುವ ಡೈಫೆನ್‌ಹೈಡ್ರಮಿನ್ ಎಂಬ ಔಷಧವನ್ನು ಸೇವಿಸಿದ ಮೇಲೆ 60 ಗಂಟೆಗಳ ಕಾಲ ವಿಮಾನ ನಡೆಸುವಂತಿಲ್ಲ.

7. ಕಿವಿಗೆ ಎಣ್ಣೆ ಬಿಡುವ ಕರ್ಣಪೂರಣವನ್ನು ಕಿವಿಯ ತಮಟೆ ಸರಿಯಾಗಿದೆಯೆಂದು ನೋಡಿದ ಮೇಲೆಯೇ ಮಾಡಬೇಕು. ತಮಟೆಯಲ್ಲಿ ರಂಧ್ರವಿದ್ದರೆ ಎಣ್ಣೆಯು ನಡುಗಿವಿಗೆ ಇಳಿದು ಸೋಂಕಿಗೆ ಕಾರಣವಾಗಬಹುದು. ಶಬ್ದದಿಂದ ಕೇಶಕೋಶಗಳು ನಶಿಸಿ ಬಂದ ನಾದವನ್ನು ಎಣ್ಣೆ ನಿಲ್ಲಿಸಲಾರದು. ಅಂದು ಆ ತಾಯಿಗೆ ನಾನು ಎಣ್ಣೆ ಕೊಡದಿದ್ದುದು ಇದೇ ಕಾರಣಕ್ಕೆ.

ಈ ಅಮಾವಾಸ್ಯೆಗೆ ಅವರು ಮತ್ತೆ ಬಂದಿದ್ದರು. ಮೊಮ್ಮಗ ನಿದ್ರೆಯ ವಿಷಯವಾಗಿ ವೈದ್ಯರನ್ನು ಕಂಡಿದ್ದಾನೆ, ಚಿಕಿತ್ಸೆ ಆರಂಭವಾಗಿದೆ, ಮೂರೂ ಬಾಧೆಗಳನ್ನು ಎರಡೂ ಕಡೆ ಒಂದೇ ರೀತಿಯಲ್ಲಿ ಬರೆಯುವುದಾಗಿ ಹೇಳಿದ್ದಾನೆ ಎಂದು ತಿಳಿಸಿದರು. ವಿಮಾನ ಸಂಸ್ಥೆಯ ಕೆಲಸಕ್ಕೆ ಇನ್ನೂ ಕೆಲವು ತಿಂಗಳು ಕಾಯಬೇಕಾಗಬಹುದು. ದೊರೆತೇ ದೊರೆಯುತ್ತದೆಂದು ನಾನಾಗಲಿ, ಅಲ್ಲಿಯ ವೈದ್ಯರಾಗಲಿ ಭರವಸೆ ಕೊಟ್ಟಿಲ್ಲ. "ಈಗ ಫೋನ್ ಮಾಡಿದ್ರ ನಕ್ಕೋತ ಮಾತಾಡತಾನ್ರೀ" ಎಂದರು ಆ ತಾಯಿ. ಅಷ್ಟು ಹೇಳಿದ ಮೇಲೆ ತಮ್ಮ ಮೊಣಕಾಲು ನೋವು ಆರು ತಿಂಗಳಿನಿಂದಲೂ ಇದೆಯೆಂದು ಮೊದಲ ಬಾರಿಗೆ ನನಗೆ ಹೇಳಿದರು. ಅದಕ್ಕೆ ಎಣ್ಣೆ ಕೊಟ್ಟು ಕಳುಹಿಸಿದೆ.